ಬಿದ್ದದ್ದು ಎಲ್ಲಿ ಅಂತ ಬರೆಸಿದಿರಾ?

ಓದುಗರ ಪ್ರಶ್ನೆ – ಕಾನೂನು ಉತ್ತರ

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಐದು ಪತ್ರಗಳನ್ನು ಆರಿಸಿಕೊಂಡಿದ್ದೇವೆ. ಐದರಲ್ಲೂ ಪೆಟ್ಟಾದದ್ದು ಇನ್ನೊಬ್ಬರ ಜಾಗದಲ್ಲಿ.

ಪ್ರಶ್ನೆ: ಇಪ್ಪತ್ತು ದಿನದ ಹಿಂದೆ ಕಲಬುರಗಿಯ ಒಂದು ಫಂಕ್ಷನ್ ಹಾಲ್‌ನಲ್ಲಿ ಬೀಗರ ಕಡೆಯ ಮದುವೆ ಇತ್ತು. ಊಟ ಮುಗಿಸಿ ಕೈ ತೊಳೆಯಲು ಹೋದ ನಮ್ಮ ತಾಯಿ ಪಾಲಿಶ್ ಮಾಡಿದ ಫರ್ಸಿಯ ಮೇಲೆ ಜಾರಿ ಬಿದ್ದು, ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು. ಅವರಿಗೆ 62 ವರ್ಷ. ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಈವರೆಗೆ 1 ಲಕ್ಷ 80 ಸಾವಿರ ಖರ್ಚಾಗಿದೆ. ಬೀಗರಿಗೆ ಮುಜುಗರ ಆಗಬಾರದೆಂದು ಆಸ್ಪತ್ರೆಯಲ್ಲಿ ‘ಕಾಲು ಜಾರಿ ಬಿದ್ದರು’ ಅಂತಷ್ಟೇ ಹೇಳಿದೆವು. ಹಾಲ್‌ನವರು ‘ನೋಡಿ ನಡೀಬೇಕಿತ್ತು, ನಾವು ಜವಾಬ್ದಾರರಲ್ಲ ಅಂತ ಬೋರ್ಡೇ ಹಾಕೀವಿ’ ಅನ್ನುತ್ತಾರೆ. ಈಗೇನು ಮಾಡಬಹುದು?
– ಓದುಗರು, ಆಳಂದ

ಉತ್ತರ: ಮೊದಲು ಬೀಗರ ವಿಷಯ. ಹಾಲ್‌ನವರ ಮೇಲೆ ದೂರು ಕೊಟ್ಟರೆ ಬೀಗರ ಮೇಲೆ ಕೊಟ್ಟಂತೆ ಆಗುವುದಿಲ್ಲ. ಬಾಡಿಗೆ ಕೊಟ್ಟು ಒಂದು ದಿನದ ಮಟ್ಟಿಗೆ ಹಾಲ್ ಪಡೆದವರ ಕೈಯಲ್ಲಿ ಅದರ ನೆಲ, ಚರಂಡಿ, ದೀಪ ಇರುವುದಿಲ್ಲ. ಅವು ಯಾರ ಉಸ್ತುವಾರಿಯಲ್ಲಿ ಇದ್ದವೋ ಅವರೇ ಹೊಣೆ. ಅಡುಗೆಯವರು ಎಣ್ಣೆ ಚೆಲ್ಲಿ ಹಾಗೇ ಬಿಟ್ಟಿದ್ದರೆ ಅವರೂ ಸೇರುತ್ತಾರೆ. ಇದನ್ನು ಬೀಗರಿಗೆ ಇಂದೇ ಬಿಡಿಸಿ ಹೇಳಿ. ಹಾಲ್ ಬಾಡಿಗೆಯ ರಸೀದಿ ಅವರ ಹೆಸರಿನಲ್ಲಿದೆ, ಅದರ ಪ್ರತಿ ನಿಮಗೆ ಬೇಕೇ ಬೇಕು.

‘ನೆಲ ಒದ್ದೆ ಇತ್ತು’ ಅಂದರೆ ಮಾತ್ರ ಸಾಲದು. ಕೈ ತೊಳೆಯುವ ಜಾಗ ಒದ್ದೆಯಾಗುವುದೇ. ಒದ್ದೆಯಾಗುತ್ತದೆ ಅಂತ ಗೊತ್ತಿದ್ದೂ ಮಾಲೀಕರು ಏನು ಮಾಡಲಿಲ್ಲ ಅನ್ನುವುದನ್ನು ನೀವು ತೋರಿಸಬೇಕು. ಫರ್ಸಿಗೆ ಹಾಕುವ ಶಹಾಬಾದ್ ಕಲ್ಲನ್ನು ಗಣಿಯಿಂದ ಬಂದ ಹಾಗೆಯೇ ಹಾಸಿದರೆ ಅದರ ಒರಟು ಮೈ ಕಾಲನ್ನು ಹಿಡಿದುಕೊಳ್ಳುತ್ತದೆ. ಮಶೀನ್ ಪಾಲಿಶ್ ಆದ ಮೇಲೆ ಆ ಒರಟುತನ ಹೋಗುತ್ತದೆ. ಅದರ ಮೇಲೆ ಸಾಬೂನು ನೀರು, ಊಟದ ಕೈಯಿಂದ ಬಿದ್ದ ಎಣ್ಣೆ ಜಿಡ್ಡು ಸೇರಿದರೆ ಅಂಗಾಲಿಗೂ ಕಲ್ಲಿಗೂ ನಡುವೆ ತೆಳು ಪದರ ನಿಲ್ಲುತ್ತದೆ. ಆದ್ದರಿಂದ ನೋಡಬೇಕಾದದ್ದು ಇವು: ನಲ್ಲಿಗಳ ಮುಂದೆಯೂ ಪಾಲಿಶ್ ಕಲ್ಲೇ ಹಾಕಿದ್ದಾರೆಯೇ? ನೀರು ಹರಿಯಲು ಇಳಿಜಾರು ಇದೆಯೇ? ಚರಂಡಿಯ ಬಾಯಿ ಎಲೆ, ಅನ್ನದಿಂದ ಕಟ್ಟಿತ್ತೇ? ರಬ್ಬರ್ ಮ್ಯಾಟ್ ಇತ್ತೇ? ಒರೆಸಲು ಒಬ್ಬರನ್ನು ನಿಲ್ಲಿಸಿದ್ದರೇ? ಬೆಳಕು ಎಷ್ಟಿತ್ತು? ಇವಕ್ಕೆ ಸಿಗುವ ಉತ್ತರಗಳ ಮೇಲೆ ನಿಮ್ಮ ಪ್ರಕರಣ ನಿಲ್ಲುತ್ತದೆ.

ಇಪ್ಪತ್ತು ದಿನ ಕಳೆದಿದ್ದರೂ ಪುರಾವೆ ಉಳಿದಿರುತ್ತದೆ, ಆದರೆ ಇನ್ನು ತಡ ಮಾಡಬೇಡಿ. ಮದುವೆಯ ವಿಡಿಯೋ ತೆಗೆದವರನ್ನು ಮೊದಲು ಹಿಡಿಯಿರಿ. ಆಲ್ಬಂಗೆ ಆರಿಸದೆ ಬಿಟ್ಟ ಫೋಟೊಗಳಲ್ಲಿ, ಕತ್ತರಿಸಿ ತೆಗೆದ ವಿಡಿಯೋದಲ್ಲಿ ಊಟದ ಹಾಲ್, ಕೈ ತೊಳೆಯುವ ಜಾಗ ಬಂದಿರುವುದು ಸಾಮಾನ್ಯ. ಅವರು ಕಾರ್ಡ್ ಅಳಿಸಿ ಬೇರೆ ಮದುವೆಗೆ ಬಳಸುವ ಮುಂಚೆ ಮೂಲ ಕಡತಗಳನ್ನೇ ಕೇಳಿ ಪಡೆಯಿರಿ. ವಾಟ್ಸಾಪ್‌ನಲ್ಲಿ ಬಂದ ಪ್ರತಿಯಲ್ಲಿ ತೆಗೆದ ದಿನ, ಹೊತ್ತಿನ ಗುರುತು ಉಳಿಯುವುದಿಲ್ಲ. ಹಾಲ್‌ನ ಸಿಸಿಟಿವಿ ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೇ ಹೊಸದನ್ನು ಬರೆಯುತ್ತದೆ. ಹಲವು ಕಡೆ ಇದು ಹದಿನೈದರಿಂದ ಮೂವತ್ತು ದಿನದ ಲೆಕ್ಕ. ಹಾಗಾಗಿ ‘ಈ ದಿನದ, ಇಷ್ಟು ಗಂಟೆಯ ದೃಶ್ಯ ಅಳಿಸಬೇಡಿ’ ಎಂದು ಇವತ್ತೇ ಬರೆದು ಕೊಡಿ, ಇನ್ನೊಂದು ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಸಹಿಗೆ ಒಪ್ಪದಿದ್ದರೆ ಅಂಚೆಯಲ್ಲಿ ಕಳಿಸಿ. ಮೊದಲಿನ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ಸೇರಿದೆ. ಕೌಂಟರಿನಲ್ಲಿ ‘ತಲುಪಿದ್ದಕ್ಕೆ ರುಜುವಾತು ಬೇಕು’ ಅಂತ ಹೇಳಿ ಮಾಡಿಸಿ. ವಿಡಿಯೋ ಸಿಕ್ಕರೆ ಅದರ ಜೊತೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ (ಅದನ್ನು ಯಾವ ಯಂತ್ರದಿಂದ, ಹೇಗೆ ಪಡೆದದ್ದು ಎಂದು ತಿಳಿಸುವ ಕಾಗದ) ಬೇಕು. ಅದಿಲ್ಲದೆ ಪೆನ್‌ಡ್ರೈವ್ ಒಂದನ್ನೇ ತಂದು ಸಾಕ್ಷಿ ಕಳೆದುಕೊಂಡವರು ಬಹಳ ಜನ.

ಸಾಕ್ಷಿಗಳಲ್ಲಿ ಇಬ್ಬರಾದರೂ ನಿಮ್ಮ ರಕ್ತ ಸಂಬಂಧಿಗಳಲ್ಲದವರು ಇರಲಿ. ಎತ್ತಿ ಕೂರಿಸಿದವರು, ಆಟೊದವರು, ಬಡಿಸುತ್ತಿದ್ದವರು ಯಾರಾದರೂ ಆಗಬಹುದು.

ಇನ್ನು ಆಸ್ಪತ್ರೆಯ ಕಾಗದ. ತಿದ್ದಿ ಕೊಡಿ ಎಂದು ವೈದ್ಯರನ್ನು ಖಂಡಿತ ಕೇಳಬೇಡಿ. ತಿದ್ದಿದ ಕಾಗದ ಇಡೀ ಪ್ರಕರಣವನ್ನೇ ಕೆಡಿಸುತ್ತದೆ. ನಿಮ್ಮದರಲ್ಲಿ ‘ಜಾರಿ ಬಿದ್ದರು’ ಅಂತ ಇರುವುದು ಅರ್ಧ ಮಾತು, ಸುಳ್ಳು ಮಾತಲ್ಲ. ಎಲ್ಲಿ ಜಾರಿದರು ಅನ್ನುವುದನ್ನು ತಾಯಿಯವರ ಅಫಿಡವಿಟ್, ಸಾಕ್ಷಿಗಳು, ಮದುವೆಯ ಕಾರ್ಡಿನ ದಿನಾಂಕ, ದಾಖಲಾದ ಹೊತ್ತು ಎಲ್ಲ ಸೇರಿ ತುಂಬಬಹುದು. ‘ಮನೆಯಲ್ಲಿ ಬಿದ್ದರು’ ಅಂತ ಬರೆಸಿದ್ದರೆ ಕಷ್ಟ ಬಹಳ ಆಗುತ್ತಿತ್ತು. ಎಲ್ಲ ಓದುಗರಿಗೂ ಕೈಮುಗಿದು ಕೇಳುತ್ತೇವೆ: ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯಾಗಲಿ, ಖಾಸಗಿ ಆಸ್ಪತ್ರೆಯಾಗಲಿ, ‘ಹೆಂಗಾಯ್ತು?’ ಅಂತ ಡ್ಯೂಟಿ ಡಾಕ್ಟರ್ ಕೇಳಿದಾಗ ಜಾಗ, ಕಾರಣ, ಹೊತ್ತು ಮೂರನ್ನೂ ಇದ್ದಂತೆ ಹೇಳಿ, ಎಂಎಲ್‌ಸಿ (ಆಸ್ಪತ್ರೆಯಿಂದ ಪೊಲೀಸರಿಗೆ ಹೋಗುವ ದಾಖಲೆ) ಮಾಡಿಸಿ. ಅದರಿಂದ ಚಿಕಿತ್ಸೆ ತಡವಾಗುತ್ತದೆ ಅಂತ ಹೆದರಬೇಕಿಲ್ಲ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಆಮೇಲೆ ಪೊಲೀಸ್ ಕಾಗದ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ದೂರು ಎಲ್ಲಿ? ನಿಮಗೆ ಹತ್ತಿರದ ದಾರಿ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗ. ಬಾಡಿಗೆ ಕೊಟ್ಟವರು ಬೀಗರಾದರೂ, ಅವರ ಒಪ್ಪಿಗೆಯಿಂದ ಸೇವೆ ಬಳಸಿದ ಅತಿಥಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರೇ. ಘಟನೆಯಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಆಯೋಗದ ಶುಲ್ಕ ಕೇಳುವ ಪರಿಹಾರದ ಮೇಲಲ್ಲ, ಸೇವೆಗೆ ಕೊಟ್ಟ ಹಣದ ಮೇಲೆ. ಹಾಲ್ ಬಾಡಿಗೆ 5 ಲಕ್ಷದೊಳಗೆ ಇದ್ದರೆ ಶುಲ್ಕವೇ ಇಲ್ಲ. ವಕೀಲರಿಲ್ಲದೆಯೂ ವಾದಿಸಬಹುದು. ಅದಕ್ಕೂ ಮುಂಚೆ ಹದಿನೈದು ದಿನ ಗಡುವು ಕೊಟ್ಟು ಒಂದು ನೋಟಿಸ್ ಕಳಿಸಿ. ಯಾವ ದಿನ, ಎಲ್ಲಿ, ನೆಲ ಹೇಗಿತ್ತು, ಪೆಟ್ಟೇನು, ಖರ್ಚೆಷ್ಟು, ಏನು ಕೇಳುತ್ತೀರಿ ಎಂಬಷ್ಟು ಸಾಕು. ಬೈಗುಳ, ಬೆದರಿಕೆ ಒಂದಕ್ಷರವೂ ಬೇಡ. ನಾಳೆ ಅದೇ ಕಾಗದವನ್ನು ಆಯೋಗದವರು ಓದುತ್ತಾರೆ.

ಲೆಕ್ಕದಲ್ಲಿ ಆಸ್ಪತ್ರೆ ಬಿಲ್ ಅಷ್ಟೇ ಬರೆದು ಸುಮ್ಮನಾಗಬೇಡಿ. ಒಳಗೆ ಹಾಕಿದ ರಾಡು-ಸ್ಕ್ರೂಗಳ ಬಿಲ್, ಔಷಧಿ, ವಾಕರ್, ಫಿಸಿಯೋಥೆರಪಿ, ಆಳಂದದಿಂದ ಓಡಾಡಿದ ಗಾಡಿ ಬಾಡಿಗೆ, ನೋಡಿಕೊಳ್ಳಲು ಇಟ್ಟವರ ಸಂಬಳ, ರಜೆ ಹಾಕಿದ ಮಗನ ಕೂಲಿ ಎಲ್ಲ ಸೇರುತ್ತದೆ. ತಾಯಿಯವರು ‘ಮನೇಲೇ ಇರೋರು’ ಅಂತ ಅವರ ದುಡಿಮೆಯನ್ನು ಸೊನ್ನೆ ಹಿಡಿಯಬೇಡಿ. ಮನೆಗೆಲಸಕ್ಕೂ ನ್ಯಾಯಾಲಯಗಳು ಬೆಲೆ ಕಟ್ಟುತ್ತವೆ. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಮಾತ್ರ ಅವಸರ ಬೇಡ. ಮೂಳೆ ಕೂಡಿ, ಚಿಕಿತ್ಸೆ ಮುಗಿದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಿಸಿ.

‘ಜವಾಬ್ದಾರರಲ್ಲ’ ಎಂಬ ಬೋರ್ಡಿಗೆ ನೀವು ಅಂಜಬೇಕಿಲ್ಲ. ಎಚ್ಚರಿಸುವ ಬೋರ್ಡು ಬೇರೆ, ಹೊಣೆಯಿಂದ ಕೈ ತೊಳೆದುಕೊಳ್ಳುವ ಬೋರ್ಡು ಬೇರೆ. ‘ಇಲ್ಲಿ ಜಾರುತ್ತದೆ’ ಅಂತ ನಲ್ಲಿಯ ಹತ್ತಿರ ಕಣ್ಣಿಗೆ ಕಾಣುವಂತೆ ಹಾಕಿದ್ದರೆ ಅದಕ್ಕೆ ಸ್ವಲ್ಪ ಬೆಲೆ ಇದೆ. ತಾಯಿಯವರ ಎಚ್ಚರಗೇಡಿತನವೂ ಕಂಡುಬಂದರೆ ಪರಿಹಾರದಲ್ಲಿ ಆ ಪಾಲನ್ನು ಕಳೆಯಬಹುದು, ಅಷ್ಟಕ್ಕೇ ದೂರು ಬೀಳುವುದಿಲ್ಲ.

ಪ್ರಶ್ನೆ: ಪಕ್ಕದ ಹೊಲದವರು ಹಂದಿ ಕಾಟಕ್ಕೆ ಬೇಲಿಯ ತಂತಿಗೆ ಕರೆಂಟ್ ಬಿಟ್ಟಿದ್ದರು. ರಾತ್ರಿ ಮೋಟರ್ ಚಾಲೂ ಮಾಡಲು ಹೋದ ನನ್ನ ತಮ್ಮನಿಗೆ ತಗುಲಿ ಅಂಗೈ ಸುಟ್ಟಿದೆ, ಸ್ವಲ್ಪ ಹೊತ್ತು ಎಚ್ಚರ ತಪ್ಪಿತ್ತು. ಮನೆಯಲ್ಲೇ ಮುಲಾಮು ಹಚ್ಚಿದ್ದೇವೆ. ಕೇಳಿದರೆ ‘ನಮ್ಮ ಬದು ಯಾಕೆ ದಾಟಿದ?’ ಅಂತ ನಮಗೇ ತಿರುಗಿ ಬೀಳುತ್ತಾರೆ.
– ಓದುಗರು, ಶಹಾಪುರ

ಉತ್ತರ: ಈ ಪುಟ ಮುಚ್ಚಿಟ್ಟು ಮೊದಲು ತಮ್ಮನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಕರೆಂಟಿನ ಸುಟ್ಟ ಗಾಯ ಹೊರಗೆ ರೂಪಾಯಿ ಅಗಲ ಕಂಡರೂ ಒಳಗೆ ಸ್ನಾಯು ಬೆಂದಿರಬಹುದು. ಎಚ್ಚರ ತಪ್ಪಿದ್ದವರಿಗೆ ಇಸಿಜಿ ಆಗಲೇಬೇಕು. ಮೂತ್ರ ಕಡು ಕೆಂಪು ಅಥವಾ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಸತ್ತ ಸ್ನಾಯುವಿನ ಅಂಶ ಕಿಡ್ನಿಗೆ ಇಳಿಯುತ್ತಿದೆ ಎಂದರ್ಥ, ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಆಗಬೇಕು. ಅಲ್ಲಿ ‘ಪಕ್ಕದ ಹೊಲದ ಬೇಲಿಯ ಕರೆಂಟ್’ ಅಂತಲೇ ಬರೆಸಿ.

ತಂತಿ ಬಿಚ್ಚಲು ನೀವು ಹೋಗಬೇಡಿ. ಜೀವಕ್ಕೂ ಅಪಾಯ, ಪುರಾವೆಗೂ ಅಪಾಯ. 1912ಕ್ಕೆ ಕರೆ ಮಾಡಿ ವಿದ್ಯುತ್ ಕಂಪನಿ ಜೆಸ್ಕಾಂಗೆ ದೂರು ನೋಂದಾಯಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಅದೇ ಹೊತ್ತಿಗೆ ಠಾಣೆಗೂ ತಿಳಿಸಿ. ದೂರದಿಂದ ಫೋಟೊ ತೆಗೆಯುವಾಗ ಕರೆಂಟ್ ಎಲ್ಲಿಂದ ಎಳೆದಿದ್ದಾರೆ, ಯಾವ ಕಂಬ, ಯಾವ ಸ್ಟಾರ್ಟರ್ ಡಬ್ಬಿ ಎಂಬುದು ಕಾಣಬೇಕು. ಬರೀ ಬೇಲಿಯ ಫೋಟೊದಿಂದ ಉಪಯೋಗ ಕಡಿಮೆ. ಪಂಚನಾಮೆ ಆಗುವಾಗ ನಿಮ್ಮವರೊಬ್ಬರು ಅಲ್ಲಿರಲಿ. ವಿದ್ಯುತ್ ಪರಿವೀಕ್ಷಕರ ವರದಿಯ ಪ್ರತಿಯನ್ನೂ ಅರ್ಜಿ ಹಾಕಿ ಪಡೆಯಿರಿ. ಲೈನಿಗೆ ಕೊಕ್ಕೆ ಹಾಕಿ ಎಳೆದಿದ್ದರೆ ಅದು 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನ ಕಳವೂ ಹೌದು.

‘ಅದು ಸೋಲಾರ್ ಬೇಲಿ’ ಎಂಬ ಉತ್ತರ ಬರುವ ಸಂಭವ ಇದೆ. ಸರಿಯಾದ ಸೋಲಾರ್ ಬೇಲಿಯ ಯಂತ್ರ ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಹೊಡೆತ ಕೊಟ್ಟು ನಿಲ್ಲುತ್ತದೆ. ತಗುಲಿದವರು ಬೆಚ್ಚಿ ಕೈ ತೆಗೆಯುತ್ತಾರೆ. ನೇರ 230 ವೋಲ್ಟ್ ಬಿಡುವಿಲ್ಲದೆ ಹರಿಯುತ್ತದೆ, ಕೈ ಬಿಗಿದು ತಂತಿಗೇ ಅಂಟಿಕೊಳ್ಳುತ್ತದೆ. ಅಂಗೈ ಸುಟ್ಟ ಗುರುತು ಯಾವುದರದು ಎಂಬ ಬಗ್ಗೆ ವೈದ್ಯರ ಅಭಿಪ್ರಾಯ ಕೇಳಿ ಪಡೆಯಿರಿ.

ಬದು ದಾಟಿದ ಮಾತಿಗೆ ಉತ್ತರ ಹಳೆಯದು, ಗಟ್ಟಿಯೂ ಇದೆ. ಬಿಹಾರದಲ್ಲಿ ಒಬ್ಬರು ತಮ್ಮ ಪಾಯಖಾನೆಗೆ ಹೊರಗಿನವರು ಬರಬಾರದೆಂದು ತಂತಿಗೆ ಕರೆಂಟ್ ಬಿಟ್ಟಿದ್ದರು, ಒಬ್ಬ ಹೆಂಗಸು ಸತ್ತರು. ಅಪ್ಪಣೆ ಇಲ್ಲದೆ ಬಂದವರೆಂಬ ಕಾರಣಕ್ಕೆ ಅವರ ಜೀವಕ್ಕೆ ಎರವಾಗುವ ಬಲೆ ಒಡ್ಡುವ ಹಕ್ಕು ಮಾಲೀಕರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 1963ರಲ್ಲಿ ಶಿಕ್ಷೆ ಎತ್ತಿಹಿಡಿಯಿತು. ನಿಮ್ಮ ತಮ್ಮನ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಅನ್ವಯಿಸುತ್ತದೆ. ಗಾಯ ತೀವ್ರ ಸ್ವರೂಪದ್ದಾದರೆ 3 ವರ್ಷದವರೆಗೆ ಸಜೆ. ಮೂಳೆ ಮುರಿತ ಅಷ್ಟೇ ಅಲ್ಲ, 15 ದಿನ ದಿನನಿತ್ಯದ ಕೆಲಸ ಮಾಡಲಾಗದಷ್ಟು ಪೆಟ್ಟೂ ತೀವ್ರ ಗಾಯವೇ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಪ್ರಶ್ನೆ: ಬೀದರ್‌ನಲ್ಲಿ ಮಹಡಿ ಮನೆಯಲ್ಲಿ ಬಾಡಿಗೆಗೆ ಇದ್ದೇವೆ. ಮೆಟ್ಟಿಲ ಕಂಬಿ ಅಲುಗಾಡುತ್ತದೆ ಎಂದು ಎರಡು ಸಲ ಹೇಳಿದ್ದೆ. ಹೋದ ತಿಂಗಳು ಅದು ಕಿತ್ತು ಬಂದು ನಾನು ಕೆಳಗೆ ಬಿದ್ದು ಮುಂಗೈ ಮುರಿದಿದೆ. ರಿಪೇರಿ ಬಾಡಿಗೆದಾರರದ್ದೇ ಅನ್ನುತ್ತಾರೆ ಮಾಲೀಕರು. ಬಾಡಿಗೆ ನಿಲ್ಲಿಸಲೇ?
– ಗೃಹಿಣಿ, ಬೀದರ್

ಉತ್ತರ: ಬಾಡಿಗೆ ನಿಲ್ಲಿಸಬೇಡಿ ತಾಯಿ. ನಿಲ್ಲಿಸಿದರೆ ನಿಮ್ಮನ್ನು ಬಿಡಿಸಲು ಅವರ ಕೈಗೆ ಕಾರಣ ಕೊಟ್ಟಂತಾಗುತ್ತದೆ, ಪೆಟ್ಟಿನ ಮಾತು ಹಿಂದಕ್ಕೆ ಸರಿಯುತ್ತದೆ. ಬ್ಯಾಂಕ್ ಮೂಲಕವೇ ಕೊಡುತ್ತಾ ಹೋಗಿ.

ನಲ್ಲಿಯ ವಾಶರ್, ಬಲ್ಬಿನಂಥ ಸಣ್ಣ ರಿಪೇರಿ ಇರುವವರದ್ದು. ಮೆಟ್ಟಿಲು, ಕಂಬಿ, ತಾರಸಿ, ಸಂಪಿನ ಮುಚ್ಚಳದಂಥ ಕಟ್ಟಡದ ಭಾಗಗಳು, ಅದರಲ್ಲೂ ಎಲ್ಲರೂ ಬಳಸುವ ಭಾಗಗಳು, ಮಾಲೀಕರ ಹೊಣೆ. ಕರಾರು ಪತ್ರದಲ್ಲಿ ಬೇರೆ ಏನಾದರೂ ಬರೆದಿದೆಯೇ ನೋಡಿ. ಎರಡು ಸಲ ಹೇಳಿದ್ದು ಫೋನಿನಲ್ಲೋ, ಮೆಸೇಜಿನಲ್ಲೋ? ಮೆಸೇಜ್ ಇದ್ದರೆ ಅದೇ ನಿಮ್ಮ ಮುಖ್ಯ ಪುರಾವೆ, ಫೋನ್ ಬದಲಿಸಬೇಡಿ. ಬರೀ ಬಾಯಿಮಾತಾಗಿದ್ದರೆ ಕೆಳಗಿನ ಮನೆಯವರಲ್ಲಿ ಕೇಳಿಸಿಕೊಂಡವರು ಯಾರೆಂದು ನೆನಪಿಸಿಕೊಳ್ಳಿ. ಕಿತ್ತ ಕಂಬಿಯ ಬುಡದ ಫೋಟೊ ತೆಗೆಯಿರಿ. ಬೆಸುಗೆ ತುಕ್ಕು ಹಿಡಿದಿತ್ತೇ, ಗಾರೆಯಲ್ಲಿ ಎಷ್ಟು ಆಳ ಕೂರಿಸಿದ್ದರು ಎಂಬುದು ಬುಡದಲ್ಲಿ ಕಾಣುತ್ತದೆ. ರಿಪೇರಿ ಆದ ಮೇಲೆ ಅದು ಸಿಗದು.

ಬರೀ ಮನೆ ಬಾಡಿಗೆಯ ಸಂಬಂಧ ಗ್ರಾಹಕರ ಆಯೋಗಕ್ಕೆ ಬರುವುದಿಲ್ಲ, ಸಿವಿಲ್ ದಾವೆಯೇ ದಾರಿ. ಸಾಮಾನ್ಯವಾಗಿ 3 ವರ್ಷದ ಅವಧಿ ಇದೆ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಪುಕ್ಕಟೆ. ಬೀದರ್ ನ್ಯಾಯಾಲಯದ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ಪ್ರಶ್ನೆ: ಮನೆಮನೆಗೆ ಹಾಲು ಹಾಕುತ್ತೇನೆ. ಗೇಟಿನೊಳಗೆ ಹೋದಾಗ ಸಾಕಿದ ನಾಯಿ ಮೀನಖಂಡಕ್ಕೆ ಕಚ್ಚಿ ರಕ್ತ ಬಂತು. ಅದಕ್ಕೆ ಇಂಜೆಕ್ಷನ್ ಆಗಿದೆ, ಹೆದರಬೇಡ ಅಂದರು. ಸುಣ್ಣ, ಖಾರ ಹಚ್ಚಿದ್ದೇನೆ. ನಾಲ್ಕು ದಿನ ಆಯಿತು.
– ಓದುಗರು, ಯಾದಗಿರಿ

ಉತ್ತರ: ಸುಣ್ಣ, ಖಾರ ತೊಳೆದುಬಿಡಿ. ಅವು ಗಾಯವನ್ನು ಕೆರಳಿಸುತ್ತವೆ, ವಿಷವನ್ನು ಕೊಲ್ಲುವುದಿಲ್ಲ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ನಾಲ್ಕು ದಿನ ತಡವಾಗಿದ್ದರೂ ರೇಬೀಸ್ (ಹುಚ್ಚುನಾಯಿ ರೋಗ) ತಡೆಯುವ ಲಸಿಕೆ ಹಾಕಿಸಿಕೊಳ್ಳಲೇಬೇಕು. ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ ಮೊದಲ ದಿನವನ್ನು ಸೊನ್ನೆ ಎಂದು ಹಿಡಿದು 0, 3, 7, 28ನೇ ದಿನ, ತೋಳಿನ ಸ್ನಾಯುವಿಗೆ ಕೊಟ್ಟರೆ 14ನೇ ದಿನವೂ ಸೇರಿ ಐದು ಸಲ. ರಕ್ತ ಬಂದ ಗಾಯಕ್ಕೆ ಲಸಿಕೆ ಒಂದೇ ಸಾಲದು. ಇಮ್ಯುನೊಗ್ಲಾಬುಲಿನ್ ಎಂಬ ಮದ್ದನ್ನು ಗಾಯದ ಒಳಗೂ ಸುತ್ತಲೂ ಚುಚ್ಚಬೇಕು, ಅದೂ ಮೊದಲ ಲಸಿಕೆಯಿಂದ 7 ದಿನದೊಳಗೆ. ವೈದ್ಯರಿಗೆ ನೆನಪಿಸಿ ಕೇಳಿ. ನಾಯಿಗೆ ಲಸಿಕೆ ಆಗಿದೆ ಎಂಬ ಮಾತಿನ ಮೇಲೆ ನಿಮ್ಮ ಲಸಿಕೆ ಬಿಡಬೇಡಿ. ಕಚ್ಚಿದ ದಿನದಿಂದ ಹತ್ತು ದಿನ ನಾಯಿಯನ್ನು ಕಟ್ಟಿಹಾಕಿ ಗಮನಿಸಲು ಹೇಳಿ, ಅದರ ಲಸಿಕೆ ಕಾರ್ಡಿನ ಫೋಟೊ ತೆಗೆದುಕೊಳ್ಳಿ.

ಹಾಲು ಹಾಕಲು ಹೋದವರು ಕರೆಸಿಕೊಂಡವರೇ. ನಾಯಿಯನ್ನು ಹಿಡಿತದಲ್ಲಿಡದ ಮಾಲೀಕರಿಗೆ ನ್ಯಾಯ ಸಂಹಿತೆಯ 291ನೇ ಕಲಮಿನಡಿ 6 ತಿಂಗಳವರೆಗೆ ಸಜೆ ಅಥವಾ 5 ಸಾವಿರದವರೆಗೆ ದಂಡ, ಇಲ್ಲವೇ ಎರಡೂ ಇದೆ. ಆ ನಾಯಿ ಮುಂಚೆ ಪೇಪರ್ ಹುಡುಗರನ್ನೋ ಬೇರೆ ಯಾರನ್ನೋ ಕಚ್ಚಿದೆಯೇ ವಿಚಾರಿಸಿ. ಕಚ್ಚುವ ನಾಯಿ ಎಂದು ಗೊತ್ತಿದ್ದೂ ಬಿಟ್ಟಿದ್ದರೆಂದು ತೋರಿಸಿದರೆ ಹೊಣೆ ಗಟ್ಟಿಯಾಗುತ್ತದೆ. ಕೆಲಸ ತಪ್ಪಿದ ದಿನಗಳ ಹಾಲಿನ ಲೆಕ್ಕದ ಪುಸ್ತಕ ನಷ್ಟಕ್ಕೆ ಪುರಾವೆ ಆಗುತ್ತದೆ.

ಪ್ರಶ್ನೆ: ಹೊಸ ಮನೆ ಕಟ್ಟುತ್ತಿದ್ದವರ ಜಾಗದಲ್ಲಿ ಮುಚ್ಚದೆ ಬಿಟ್ಟ ಗುಂಡಿಗೆ ನಮ್ಮ ಒಂಬತ್ತು ವರ್ಷದ ಮಗ ಬಿದ್ದು ಕಾಲು ಮುರಿದಿದೆ. ಊರ ಹಿರಿಯರು ಕೂತು 25 ಸಾವಿರಕ್ಕೆ ಮಾತಾಡಿದ್ದಾರೆ. ‘ಇನ್ನು ಮುಂದೆ ಏನೂ ಕೇಳುವುದಿಲ್ಲ’ ಎಂದು ಬಾಂಡಿನ ಮೇಲೆ ಸಹಿ ಕೇಳುತ್ತಿದ್ದಾರೆ. ಮಾಡಬಹುದೇ?
– ಓದುಗರು, ಸೇಡಂ

ಉತ್ತರ: ಹಿರಿಯರ ಮಾತು ಬೇಡವೆನ್ನುವುದಿಲ್ಲ. ಒಂದೇ ಊರಲ್ಲಿ ಬಾಳಬೇಕಾದವರು ನೀವು. ಆದರೆ ಆ ಒಂದು ಸಾಲಿಗೆ ಈಗ ಸಹಿ ಬೇಡ. ಬೆಳೆಯುವ ಮಗುವಿನ ಮೂಳೆ ಬೆಳವಣಿಗೆಯ ಭಾಗದಲ್ಲಿ ಮುರಿದಿದ್ದರೆ ಕಾಲು ಗಿಡ್ಡವಾಗುವುದು, ಸೊಟ್ಟವಾಗುವುದು ತಿಂಗಳುಗಳ ಮೇಲೆ ಕಾಣುತ್ತದೆ. ಎಲ್ಲಿ ಮುರಿದಿದೆ, ಮುಂದೆ ಎಷ್ಟು ಸಲ ತೋರಿಸಬೇಕು ಎಂದು ಮೂಳೆ ವೈದ್ಯರಿಂದ ಬರೆಸಿಕೊಳ್ಳಿ. ಅದು ತಿಳಿಯದೆ 25 ಸಾವಿರ ಹೆಚ್ಚೋ ಕಡಿಮೆಯೋ ಹಿರಿಯರಿಗೂ ಗೊತ್ತಾಗದು.

ಹಣ ಈಗಲೇ ಬೇಕಿದ್ದರೆ ಹೀಗೆ ಬರೆದುಕೊಟ್ಟು ತೆಗೆದುಕೊಳ್ಳಿ: ‘ಇಂಥ ದಿನ, ಇಂಥವರ ಕಟ್ಟಡದ ಗುಂಡಿಯಲ್ಲಿ ನಮ್ಮ ಮಗ ಬಿದ್ದು ಆದ ಪೆಟ್ಟಿನ ಚಿಕಿತ್ಸೆಗೆ ಮುಂಗಡವಾಗಿ 25,000 ರೂಪಾಯಿ ಪಡೆದಿದ್ದೇನೆ. ಉಳಿದ ಖರ್ಚು ಮತ್ತು ಪರಿಹಾರ ಚಿಕಿತ್ಸೆ ಮುಗಿದ ಮೇಲೆ ತೀರ್ಮಾನವಾಗತಕ್ಕದ್ದು.’ ಕೊಡುವವರ ಸಹಿಯೂ ಅದರ ಕೆಳಗೆ ಬೀಳಲಿ. ರೊಕ್ಕ ಕೈಯಲ್ಲಿ ಬೇಡ, ಖಾತೆಗೆ ಬರಲಿ. ‘ಮಗು ಯಾಕೆ ಹೋಯ್ತು’ ಎಂಬ ವಾದಕ್ಕೆ ಸೋಲಬೇಡಿ. ದೊಡ್ಡವರಷ್ಟು ಎಚ್ಚರವನ್ನು ಒಂಬತ್ತು ವರ್ಷದವನಿಂದ ನ್ಯಾಯಾಲಯ ಕೇಳುವುದಿಲ್ಲ.

ಪೂರ್ತಿ ರಾಜಿ ಮಾಡುವ ಹೊತ್ತು ಬಂದಾಗ ಲೋಕ ಅದಾಲತ್ತಿನಲ್ಲಿ ಮಾಡಿ. ಶುಲ್ಕ ಇಲ್ಲ. ಅಲ್ಲಿ ಬರೆದದ್ದು ಸಿವಿಲ್ ನ್ಯಾಯಾಲಯದ ಡಿಕ್ರಿಗೆ (ಆದೇಶಕ್ಕೆ) ಸಮ, ಮೇಲ್ಮನವಿ ಇಲ್ಲ, ಕೊಡದಿದ್ದರೆ ಜಾರಿ ಮಾಡಿಸಬಹುದು. ಬಾಂಡ್ ಪೇಪರಿಗೆ ಆ ಬಲ ಇಲ್ಲ. ದಾವೆ ನಡೆಯುತ್ತಿದ್ದರೆ ಮಗುವಿನ ಪರವಾಗಿ ರಾಜಿಯಾಗಲು ನ್ಯಾಯಾಲಯದ ಅಪ್ಪಣೆಯೂ ಬೇಕು. ಪೊಲೀಸ್ ಪ್ರಕರಣ ದಾಖಲಾಗಿದ್ದರೆ ಠಾಣೆಯಲ್ಲಿ ಬರೆದುಕೊಟ್ಟ ಮಾತ್ರಕ್ಕೆ ಅದು ಮುಗಿಯುವುದಿಲ್ಲ.

ಚೆಕ್ ಕೊಟ್ಟರೆ ಅದರ ದಿನಾಂಕ ನೋಡಿ, ಮೂರು ತಿಂಗಳೊಳಗೆ ಹಾಕಿ. ವಾಪಸ್ ಬಂದರೆ ಬ್ಯಾಂಕಿನ ಚೀಟಿ ಕೈಸೇರಿದ 30 ದಿನದೊಳಗೆ ನೋಟಿಸ್ ಹೋಗಬೇಕು, ತಲುಪಿದ 15 ದಿನದಲ್ಲಿ ಹಣ ಬರದಿದ್ದರೆ ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ದೂರು. ಆ ಗುಂಡಿ ಇನ್ನೂ ತೆರೆದೇ ಇದ್ದರೆ ಫೋಟೊ ತೆಗೆದ ತಕ್ಷಣ ಮುಚ್ಚಿಸಿ, ಇನ್ನೊಂದು ಮಗು ಬೀಳುವುದು ಬೇಡ.